ಪ್ರಭಕ್ಕನ ಕೇಸು ನಿಕಾಲಿ ನಿಘಾಲಿ

ಕೋರ್ಟಿನ ಬೇಲಿಫ್ ಬಂದು ಹೋಟೆಲಿನ ಬಾಗಿಲಿಗೆ ನೋಟಿಸು ಅಂಟಿಸಿ ಹೋದಾಗ ಪ್ರಭಕ್ಕ ಅವನಿಗೆ ಚಹಾ ಕೊಟ್ಟು ಕಳಿಸಿದ್ದರು. ಮುನ್ಸಿಪಾಲಿಟಿಯವನು, ನೀರಿನದ್ದೋ ಕಸದ್ದೋ ಏನೋ ಅಂಟಿಸುತ್ತಿದ್ದಾನೆ ಎಂದುಕೊಂಡರಂತೆ. ಸಂಜೆ ನಾನು ಮಹಾಪೆಯ ಆಫೀಸು ಮುಗಿಸಿ ಡೊಂಬಿವಲಿಗೆ ಬಂದು, ಯಾವತ್ತಿನಂತೆ ಅವರ ಗಲ್ಲೆಯ ಪಕ್ಕ ಕೂತು ಕಾಫಿ ಕುಡಿಯುವಾಗಲೂ ಆ ಕಾಗದ ಬಾಗಿಲಲ್ಲೇ ಇತ್ತು. ಓದಿದ್ದು ಅವರ ಮಗ ಅನೀಶ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ.

"ಮಮ್ಮಿ, ಯೇ ತೋ ಖಾಲಿ ಕರ್ನೇ ಕಾ ಆರ್ಡರ್ ಹೈ. ಅಗ್ಲೇ ಹಫ್ತೇ ಶುಕ್ರವಾರ್ ಕೋ ಪೊಲೀಸ್ ಕೇ ಸಾಥ್ ಆಯೇಂಗೇ," ಎಂದ. ಜಾಗ ಖಾಲಿ ಮಾಡಿಸುವ ಆರ್ಡರು, ಮುಂದಿನ ಶುಕ್ರವಾರ ಪೊಲೀಸರನ್ನು ಕರೆದುಕೊಂಡೇ ಬರುತ್ತಾರಂತೆ.

ಪ್ರಭಕ್ಕ ನಕ್ಕರು. "ಯಾವ ಆರ್ಡರ್ ಮಾರಾಯ? ಆ ಕೇಸು ದೀಪಾವಳಿ ಮೊದಲೇ ನಿಕಲ್ ಗಯಾ ಅಲ್ವಾ?"

2009ರ ಮಾರ್ಚ್ ಅದು. ಹೋಟೆಲು ಹೋದರೆ ಪ್ರಭಕ್ಕನಿಗೆ ಬೇರೆ ಏನೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಸಂಸಾರ, ಮುಂದಿನ ಕೋಣೆಯಲ್ಲಿ ಆರು ಮೇಜು, ನಡುವೆ ಒಂದು ಪರದೆ.

ಪ್ರಭಕ್ಕ ಬ್ರಹ್ಮಾವರದ ಕಡೆಯವರು. ಮದುವೆಯಾಗಿ ಬಂದದ್ದು ಗಂಡನ ಮನೆಗೆ ಅನ್ನುವುದಕ್ಕಿಂತ ಈ ಹೋಟೆಲಿಗೆ ಅನ್ನಬೇಕು. ಗಂಡ ರಮಾಕಾಂತ ರಾಯರು ಇದ್ದಷ್ಟು ದಿನ ಹಿಂದೆ ಕೂತು ಕಾಯಿ ತುರಿದರು, ಅವರು ತೀರಿಕೊಂಡ ಮೇಲೆ ಮುಂದೆ ಬಂದು ಗಲ್ಲೆಯಲ್ಲಿ ಕೂತರು. ನಂಗೆ ನಾಲ್ಕು ಭಾಷೆ ಬರ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ನಾಲ್ಕು ಅರ್ಧ ಸೇರಿದರೆ ಎರಡೇ ಆಗುದು ಎಂದು ನಾನು ಕಾಲೆಳೆಯುತ್ತಿದ್ದೆ. ದೇವರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಗಿರಾಕಿಗಳ ಹತ್ತಿರ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ. ಆ ಮರಾಠಿಯಲ್ಲಿ ಕೊತ್ತಂಬರಿಯಿಂದ ಸೋರೆಕಾಯಿವರೆಗೆ ಎಲ್ಲವೂ ಉಂಟು, ಕೋರ್ಟು ಇಲ್ಲ.

ಕೇಸು ಹಾಕಿದವರು ಕಟ್ಟಡದ ಮಾಲೀಕರು, ಪಾವ್ಶೆ ಕಾಕಾ. ಮೇಲಿನ ಮಹಡಿಯಲ್ಲೇ ಇದ್ದರು. ಹಿಂದೊಮ್ಮೆ, ನಿಮ್ಮ ಗ್ರೈಂಡರು ಗಡಗಡ ಎಂದು ನಮ್ಮ ಮಂಚ ಅಲ್ಲಾಡುತ್ತದೆ, ನಿದ್ದೆ ಇಲ್ಲ ಎಂದು ಅವರು ಜಗಳಕ್ಕೆ ಬಂದಿದ್ದರು. ರಾಯರು ಪಾಪ, ಮೇಸ್ತ್ರಿಯನ್ನು ಕರೆಸಿ, ರುಬ್ಬುವ ಕಲ್ಲನ್ನು ಸಿಮೆಂಟಿನ ಕಟ್ಟೆಯಲ್ಲಿ ಕೂರಿಸಿದರು. ಕಲ್ಲು ಅಲ್ಲಾಡುವುದು ನಿಂತಿತು, ಕಾಕಾ ಮಲಗಿದರು. ವರ್ಷಗಳ ಮೇಲೆ ಕಾಕಾನ ಮಗನಿಗೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆ ಬಂತು. ಆಗ ಅದೇ ಕಟ್ಟೆ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರರು ಕಟ್ಟಿದ ಕಾಯಂ ಕಟ್ಟಡ ಎಂದು ಕೇಸಾಯಿತು. ಕೇಸು ನಡೆಯುತ್ತಿರುವಾಗಲೇ ರಾಯರು ಹೋದರು.

ಇನ್ನು ಆ ನಿಕಲ್ ಗಯಾ ಮಾತು. ಹಿಂದಿನ ಅಕ್ಟೋಬರಿನಲ್ಲಿ, ಬೆಳಗಿನ ಇಡ್ಲಿಯ ಗಲಾಟೆಯ ನಡುವೆ, ಆ ಕೇಸು ನಡೆಸುತ್ತಿದ್ದ, ಠಾಣೆ ಪೇಟೆಯ ಹಳೇ ವಕೀಲರ ಗುಮಾಸ್ತ ಫೋನ್ ಮಾಡಿ ಹೇಳಿದ: "ಕಾಕೂ, ತುಮ್ಚಿ ಕೇಸ್ ನಿಕಾಲಿ ನಿಘಾಲಿ. ಆತಾ ತಾರೀಖ್ ನಾಹೀ."

ಮರಾಠಿ ಕಚೇರಿ ಮಾತಿನಲ್ಲಿ ಇದರ ಅರ್ಥ ಕೇಸು ತೀರ್ಮಾನವಾಯಿತು, ಇನ್ನು ತಾರೀಖಿಲ್ಲ ಎಂದಷ್ಟೇ. ಯಾರ ಪರವಾಗಿ ಎಂದು ಆ ಪುಣ್ಯಾತ್ಮ ಹೇಳಲಿಲ್ಲ, ಇವರು ಕೇಳಲಿಲ್ಲ. ಪ್ರಭಕ್ಕನ ಕಿವಿಗೆ ಬಿದ್ದದ್ದು ಹಿಂದಿಯ ನಿಕಲ್. ಕಾಲಿನ ಮುಳ್ಳು ನಿಕಲ್ ಗಯಾ, ಕಣ್ಣಿನ ಕಸ ನಿಕಲ್ ಗಯಾ, ಹಾಗೆಯೇ ಕೇಸೂ ನಿಕಲ್ ಗಯಾ, ಪೀಡೆ ತೊಲಗಿತು. ಅದರ ಮೇಲೆ ತಾರೀಖೂ ಇಲ್ಲವಂತೆ! ಕೋರ್ಟಿಗೆ ಅಲೆದು ಸಾಕಾದವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದುಂಟು? ಹಳೇ ವಕೀಲರು ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋದವರು ತಿರುಗಿ ಬರಲೇ ಇಲ್ಲ. ಹೀಗೆ ಸೋತ ಕೇಸನ್ನು ಗೆದ್ದೆವೆಂದುಕೊಂಡು ಪ್ರಭಕ್ಕ ಐದು ತಿಂಗಳು ನೆಮ್ಮದಿಯಾಗಿ ಇಡ್ಲಿ ಬೇಯಿಸಿದರು.

ನೋಟಿಸು ಬಂದ ಮರುದಿನ ನಾನು ಆಫೀಸಿಗೆ ರಜೆ ಹಾಕಿ ಅವರನ್ನೂ ಅನೀಶನನ್ನೂ ಪಕ್ಕದೂರು ಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮೇಲೆ ಜಟ್ಟೆಪ್ಪ ವಕೀಲರ ಆಫೀಸು. ವಿಜಾಪುರದ ಕಡೆಯವರು. ಕನ್ನಡದಲ್ಲಿ ಹೇಳಿಕೊಳ್ಳಬಹುದಲ್ಲ ಎಂಬುದೇ ದೊಡ್ಡ ಸಮಾಧಾನವಾಗಿತ್ತು. ಕಾಗದವೆಲ್ಲ ನೋಡಿ ಅವರು ತಲೆ ಕೆರೆದುಕೊಂಡರು.

"ಸೀದಾ ಹೇಳ್ತೀನ್ರಿ ಅಕ್ಕಾರ. ನಿಮ್ಮ ಕೇಸಿನ್ಯಾಗ ದಮ್ ಐತಿ. ರುಬ್ಬೋ ಕಲ್ಲಿಗೆ ಸಿಮೆಂಟ್ ಹಾಕಿದ್ರ ಅದು ಕಟ್ಟಡ ಆಗಂಗಿಲ್ಲ. ಆದ್ರ ಅಪೀಲ್ ಹಾಕಾಕ ಮೂವತ್ತ ದಿನಾ ಇತ್ತು, ಅದು ಎಂದೋ ಹೋತು. ಈಗ ಮೊದಲ, ತಡಾ ಯಾಕಾತು ಅಂತ ಕೋರ್ಟಿಗೆ ಒಪ್ಪಸಬೇಕು. ಒಪ್ಪಿದ್ರ ಅಪೀಲ್ ಒಳಗ. ಒಪ್ಪಲಿಲ್ಲಾಂದ್ರ ನಿಮ್ಮ ಕಲ್ಲಿನ ಕತಿ ಯಾರೂ ಓದಂಗಿಲ್ಲ."

"ನಂಗೆ ಆ ಮಾತು ಅರ್ಥ ಆಗಿಲ್ಲ. ಅಷ್ಟೇ ಕಾರಣ," ಎಂದರು ಪ್ರಭಕ್ಕ.

"ಅದು ನಿಮಗ ಕಾರಣ, ಕೋರ್ಟಿಗಲ್ಲ. ಇಷ್ಟ ವರ್ಷ ಮಹಾರಾಷ್ಟ್ರದಾಗ ಇದ್ದು ನಿಕಾಲಿ ಅಂದ್ರ ಗೊತ್ತಿಲ್ಲ ಅಂದ್ರ ಆ ಕಡಿ ವಕೀಲ ಕುಣದಾಡ್ತಾನ. ಕಾನೂನ ಮರತೆ, ಮಾತ ತಿಳೀಲಿಲ್ಲ ಅಂತ ಎಲ್ಲಾರೂ ಬರಾಕ ಹತ್ತಿದ್ರ, ಗೆದ್ದಾಂವ ಎಷ್ಟ ವರ್ಷ ಬಾಗಲಾ ನೋಡ್ಕೋತ ಕುಂದ್ರಬೇಕ್ರಿ? ಅದಕ್ಕ ವಾಯ್ದೆ ಇಟ್ಟಾರ."

ನನಗೆ ಸಿಟ್ಟು ನೆತ್ತಿಗೇರಿತು. ಮೇ ತಿಂಗಳಿಡೀ ಬಾಗಿಲು ಹಾಕುವ ಕೋರ್ಟು, ವಕೀಲರಿಗೆ ತಲೆನೋವೆಂದರೆ ಮೂರು ತಿಂಗಳ ಮುಂದಿನ ತಾರೀಖು ಕೊಡುವ ಕೋರ್ಟು, ಇಡ್ಲಿ ಮಾರುವ ಹೆಂಗಸಿನ ಐದು ತಿಂಗಳಿಗೆ ದಿನದಿನದ ಲೆಕ್ಕ ಕೇಳುತ್ತದೆಯಲ್ಲ! ಆದರೆ ಜಟ್ಟೆಪ್ಪ ವಕೀಲರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಅವರೇ ದಾರಿ ತೋರಿಸಿದರು. "ಕಾಮಾಲಿ ಅಂತ ಬರೆಯೋಣ್ರಿ. ಕಾಮಾಲಿ ಭಾಳ ಛಲೋ ಕಾರಣ. ತಿಂಗಳಗಟ್ಟಲೆ ಹಾಸಗ್ಯಾಗ ಇರಬಹುದು. ಡಾಕ್ಟರ್ ಸರ್ಟಿಫಿಕೇಟ್ ನಾ ತರಸ್ತೀನಿ, ನೀವು ಅಫಿಡವಿಟ್ ಮ್ಯಾಲೆ ಸಹಿ ಮಾಡ್ರಿ."

"ಬರೆಯಿರಿ," ಎಂದೆ ನಾನು, ಅವರು ಬಾಯಿ ಮುಚ್ಚುವ ಮೊದಲೇ. ಅನೀಶನೂ, "ಹಾಂ ಮಮ್ಮಿ, ಲೇ ಲೋ ನಾ. ಸಬ್ ಲೇತೇ ಹೈ," ಎಂದ, ಸರ್ಟಿಫಿಕೇಟು ಎಲ್ಲರೂ ತೆಗೆದುಕೊಳ್ಳುವುದೇ ಎಂಬಂತೆ.

ಪ್ರಭಕ್ಕ, "ನಾನು ಬೆಳಿಗ್ಗೆ ಆರಕ್ಕೆ ಗಲ್ಲೆಯಲ್ಲಿ ಕೂತದ್ದನ್ನು ಇಡೀ ಡೊಂಬಿವಲಿ ನೋಡಿದೆ," ಎಂದರು.

"ಡೊಂಬಿವಲಿ ಕೋರ್ಟಿಗೆ ಬರಂಗಿಲ್ರಿ."

"ಪಾವ್ಶೆ ಕಾಕಾ ಬರ್ತಾರಲ್ಲ. ಅವರಿಗೆ ಪಾಯಸ ಕೊಟ್ಟವಳೇ ನಾನು. ಕಾಮಾಲೆ ಆದವಳು ತುಪ್ಪದಲ್ಲಿ ಗೋಡಂಬಿ ಹುರಿದು ಪಾಯಸ ಮಾಡಿ, ಮಾಳಿಗೆ ಹತ್ತಿ ಕೊಟ್ಟು ಬರ್ತಾಳಾ?"

ಜಟ್ಟೆಪ್ಪ ವಕೀಲರು ಪೆನ್ನು ಕೆಳಗಿಟ್ಟರು. "ಯಾರಿಗೆ ಕೊಟ್ರಿ? ಯಾವಾಗ?"

ಫೋನ್ ಬಂದ ದಿನವೇ, ಎಂದರು ಪ್ರಭಕ್ಕ. ಕೇಸು ಮುಗಿಯಿತಲ್ಲ, ಇನ್ನು ಮೇಲಿನವರು ಕೆಳಗಿನವರು ಎಂದು ದ್ವೇಷ ಯಾಕೆ ಎಂದು ಹೆಸರುಬೇಳೆ ಪಾಯಸ ಮಾಡಿ, ಮೊದಲ ಪಾತ್ರೆಯನ್ನು ಕಾಕಾನ ಮನೆಗೇ ಒಯ್ದಿದ್ದರಂತೆ. ಕಾಕಾ ಬಾಗಿಲಲ್ಲಿ ನಿಂತು ತೆಗೆದುಕೊಂಡಿದ್ದರಂತೆ. ನನಗೂ ಇದು ಹೊಸ ಸುದ್ದಿ. ನಮ್ಮ ಮನೆಗೆ ಬಂದದ್ದು ಎರಡನೇ ಪಾತ್ರೆ ಎಂದು ನನಗೆ ಗೊತ್ತಾದದ್ದೇ ಆಗ.

"ಸೋತವರು ಗೆದ್ದವರ ಮನೀಗೆ ಪಾಯಸ ಒಯ್ತಾರೇನ್ರಿ?" ಜಟ್ಟೆಪ್ಪ ವಕೀಲರು ತಮ್ಮಷ್ಟಕ್ಕೇ ಎಂಬಂತೆ ಹೇಳಿಕೊಂಡು ನಕ್ಕರು. ಮರುಕ್ಷಣವೇ ಮುಖ ಗಂಟಾಯಿತು. "ಇದು ಖರೇನ ಕಾರಣ. ಆದ್ರ ನೋಡ್ರಿ, ಅವ್ರು ಪಾಯಸ ಬಂದೇ ಇಲ್ಲ ಅಂದ್ರ ಮುಗೀತು. ಕಾಮಾಲಿಗಾದ್ರ ಒಂದ ಕಾಗದ ಇರ್ತದ. ಪಾಯಸಕ್ಕ ಏನೈತಿ? ಎರಡೂ ಬರಿಯಾಕ ಬರಂಗಿಲ್ಲ. ಒಂದ ಆರಸ್ರಿ."

ನಾನು ಅವರ ಕೈ ಹಿಡಿದು, "ಪ್ರಭಕ್ಕ, ಹುಚ್ಚು ಕಟ್ಟಬೇಡಿ. ನಿಮ್ಮನ್ನು ಹೊರಗೆ ಹಾಕಲಿಕ್ಕೆ ನಿಂತವರು ನಿಮ್ಮ ಪರ ಸಾಕ್ಷಿ ಹೇಳ್ತಾರಾ?" ಎಂದೆ.

"ಸುಳ್ಳು ಹೇಳುದಿಲ್ಲ ಅಂತ ನಾನೇನು ವ್ರತ ಹಿಡಿದಿಲ್ಲ ಮಾರಾಯ್ತಿ. ಆದರೆ ಆ ಸುಳ್ಳನ್ನು ನೆನಪಿಟ್ಟುಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ. ಯಾವ ಡಾಕ್ಟರು, ಯಾವ ಮದ್ದು ಅಂತ ಜಡ್ಜ್ ಕೇಳಿದರೆ ಬೆಬ್ಬೆಬ್ಬೆ ಅಂತೇನೆ. ಪಾಯಸ ಆದರೆ ಎಷ್ಟು ಬೆಲ್ಲ ಹಾಕಿದ್ದು ಅಂತಲೂ ಹೇಳಬಲ್ಲೆ."

ಪಾಯಸವೇ ಅರ್ಜಿಗೆ ಹೋಯಿತು. ಎದುರಿನವರ ಉತ್ತರ ಬರದೆ ಬೇಲಿಫನ್ನು ತಡೆಯುವುದಿಲ್ಲ ಎಂದು ಹೇಳಿ ಕೋರ್ಟು ಗುರುವಾರ ವಿಚಾರಣೆ ಇಟ್ಟಿತು. ಶುಕ್ರವಾರ ಬೇಲಿಫ್. ನಡುವೆ ಒಂದು ರಾತ್ರಿ ಮಾತ್ರ.

ಬುಧವಾರ ಕಾಕಾನ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ. ಅರ್ಜಿದಾರರಿಗೆ ತೀರ್ಪು ಚೆನ್ನಾಗಿ ತಿಳಿದಿತ್ತು, ಪಾಯಸದ ವಿಷಯ ಶುದ್ಧ ಕಟ್ಟುಕತೆ, ಅಂಥದ್ದು ಯಾವತ್ತೂ ನಡೆದಿಲ್ಲ. ಕೆಳಗೆ ಕಾಕಾನ ಸಹಿ. ಪ್ರಭಕ್ಕ ಆ ಸಹಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬಾಡಿಗೆ ರಶೀದಿಯಲ್ಲಿ ವರ್ಷಗಟ್ಟಲೆ ನೋಡಿದ ಸಹಿ, ಗುರುತು ಸಿಗದೆ ಇರುತ್ತದಾ?

"ಮೇಲೆ ಹೋಗಿ ಕೇಳಿ ಬನ್ನಿ, ನಾನೂ ಬರ್ತೇನೆ," ಎಂದೆ.

"ಬೇಡ. ಕೇಳಿದರೆ ಬೇಡಿದ ಹಾಗಾಗ್ತದೆ."

ಅಡಿಗೆಯ ಯಜ್ಞೇಶ್ವರ ಪರದೆಯ ಹತ್ತಿರ ಬಂದು ನಿಂತ. ಊರಿನವನು, ರಾಯರ ಕಾಲದಿಂದ ಇರುವವನು. "ಅಕ್ಕಾ, ನಾಳೆ ಅಕ್ಕಿ ಉದ್ದು ನೆನೆಹಾಕುದಾ ಬೇಡವಾ?" ಎಂದು ಕೇಳಿದ. ಗುರುವಾರ ನೆನೆಸಿದರೆ ಶುಕ್ರವಾರದ ಇಡ್ಲಿ. "ಕೋರ್ಟಿಂದ ಬಂದು ಹೇಳ್ತೇನೆ," ಎಂದರು ಪ್ರಭಕ್ಕ. ಆಗ ಮೊದಲ ಸಲ ಅವರ ಧ್ವನಿ ನಡುಗಿದ್ದು ಕೇಳಿ ನನಗೆ ಅಳು ಬಂತು, ಅದರ ಬೆನ್ನಿಗೆ ಮೇಲಿನವರ ಮೇಲೆ ಕೆಂಡದಂಥ ಕೋಪ.

ಗುರುವಾರ ಕಲ್ಯಾಣದ ಕೋರ್ಟಿನಲ್ಲಿ ಕಾಕಾ ಎದುರು ಬೆಂಚಿನಲ್ಲಿ ಬಿಳಿ ಟೋಪಿ ಹಾಕಿ ಕೂತಿದ್ದರು, ನಮ್ಮ ಕಡೆ ನೋಡಲಿಲ್ಲ. ಜಡ್ಜ್ ಒಬ್ಬ ಹೆಂಗಸು, ಮಾತು ಕಡಿಮೆ. ಕಾಕಾನ ವಕೀಲರು ಎದ್ದು ಒಳ್ಳೆ ಭಾಷಣವನ್ನೇ ಮಾಡಿದರು. ವಾಯಿದೆ ಎಂದರೆ ವಾಯಿದೆ, ನಮ್ಮ ಕಕ್ಷಿದಾರರು ವಯಸ್ಸಾದವರು, ಗೆದ್ದು ಐದು ತಿಂಗಳಾದರೂ ಕೀಲಿ ಕೈಗೆ ಬಂದಿಲ್ಲ, ಈಯಮ್ಮ ದಿನಾ ನೂರು ಜನರ ಹತ್ತಿರ ಮರಾಠಿ ಮಾತಾಡಿ ವ್ಯಾಪಾರ ಮಾಡುತ್ತಾರೆ, ಈಗ ಅರ್ಥವಾಗಲಿಲ್ಲ ಎನ್ನುತ್ತಾರೆ. ಕೂತವರಲ್ಲಿ ಒಂದಿಬ್ಬರು ನಕ್ಕರು. ಜಟ್ಟೆಪ್ಪ ವಕೀಲರು ಹೇಳಬೇಕಾದ್ದು ಹೇಳಿದರು. ಆದರೆ ಕಾಮಾಲೆ ಎಂದಿದ್ದರೆ ಇದ್ದ ಉತ್ಸಾಹ ಅವರ ಮಾತಿನಲ್ಲಿ ನನಗೆ ಕಾಣಲಿಲ್ಲ.

ಜಡ್ಜ್ ಎರಡೂ ಅಫಿಡವಿಟ್ ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ ನೇರವಾಗಿ ಪ್ರಭಕ್ಕನನ್ನೇ ಕೇಳಿದರು: "ತುಮ್ಹಾಲಾ ಮರಾಠೀ ಯೇತೇ ಕಾ?"

ಪ್ರಭಕ್ಕ ಎದ್ದು ಸೆರಗು ಹೊದ್ದುಕೊಂಡರು. "ಭಾಜೀಚೀ ಯೇತೇ, ಸಾಹೇಬ್. ಕೋರ್ಟಾಚೀ ನಾಹೀ."

ತರಕಾರಿಯ ಮರಾಠಿ ಬರುತ್ತದೆ, ಕೋರ್ಟಿನದ್ದು ಬರುವುದಿಲ್ಲ. ಈ ಸಲ ನಗು ಬೇರೆ ಥರ ಇತ್ತು. ಜಡ್ಜ್ ಮಾತ್ರ ನಗಲಿಲ್ಲ. ಪೆನ್ನಿನ ತುದಿಯಿಂದ ಎದುರು ಬೆಂಚನ್ನು ತೋರಿಸಿ ಕಾಕಾನನ್ನು ಎದ್ದು ನಿಲ್ಲಲು ಹೇಳಿದರು. ಕಾಕಾನ ವಕೀಲರು, ನಾವು ಉತ್ತರದಲ್ಲಿ ಎಲ್ಲ ಬರೆದಿದ್ದೇವೆ ಎಂದು ಅಡ್ಡ ಬಂದರು. ನಾನು ಓದಿದ್ದೇನೆ, ಈಗ ಅವರನ್ನು ಕೇಳುತ್ತಿದ್ದೇನೆ ಎಂದರು ಜಡ್ಜ್. ಪ್ರಭಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆ ಚುಚ್ಚುವಷ್ಟು ಬಿಗಿಯಾಗಿ.

ಕಾಕಾ ಎದ್ದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈಕೆ ನಿಮ್ಮ ಮನೆಗೆ ಪಾಯಸ ತಂದಿದ್ದರಾ?" ಎಂದು ಜಡ್ಜ್ ಕೇಳಿದರು.

ಕಾಕಾ ತಮ್ಮ ವಕೀಲರನ್ನು ನೋಡಿದರು. ವಕೀಲರು ಫೈಲು ನೋಡುತ್ತಿದ್ದರು. ಕಾಕಾ ಟೋಪಿ ಸರಿಮಾಡಿಕೊಂಡರು, ಏನೋ ಹೇಳಹೋಗಿ ಕೆಮ್ಮಿದರು.

"ತಂದಿದ್ದಳು," ಎಂದರು. "ಹೆಸರುಬೇಳೆಯದ್ದು. ಮನೆಯವರೆಲ್ಲ ತಿಂದೆವು."

"ಹಾಗಾದರೆ ಇಲ್ಲಿ ಇಲ್ಲವೆಂದು ಯಾಕೆ ಬರೆಸಿದಿರಿ?"

"ಅಲ್ಲಿ ಏನು ಬರೆದಿದೆ ನನಗೆ ಗೊತ್ತಿಲ್ಲ ಸಾಹೇಬ್. ಅದು ಇಂಗ್ಲಿಷಿನಲ್ಲಿತ್ತು. ಸಹಿ ಮಾಡಿ ಎಂದರು, ಮಾಡಿದೆ."

ಕಾಕಾನ ವಕೀಲರ ಕಿವಿ ಕೆಂಪಾಯಿತು. ಜಡ್ಜ್ ಸ್ವಲ್ಪ ಮುಂದೆ ಬಾಗಿ, ಪಾಯಸ ಕೊಡುವಾಗ ಈಕೆ ಏನೆಂದರು ಎಂದು ಕೇಳಿದರು.

"ಹಿಂದಿಯಲ್ಲಿ ಹೇಳಿದಳು. ಕಾಕಾ, ನಿಕಲ್ ಗಯಾ, ಅಬ್ ಝಗಡಾ ಖತಮ್ ಅಂತ. ನಾನು ಅಂದುಕೊಂಡೆ, ಈ ಹೆಂಗಸು ಸೋಲು ಒಪ್ಪಿಕೊಂಡಿದ್ದಾಳೆ, ಇಲ್ಲಿಂದ ನಿಕಲುತ್ತಾಳೆ, ಹೋಗುವ ಮೊದಲು ಬಾಯಿ ಸಿಹಿ ಮಾಡುತ್ತಿದ್ದಾಳೆ ಅಂತ. ಅದಕ್ಕೇ ನಾನೂ ಒತ್ತಾಯ ಮಾಡಲಿಲ್ಲ. ದೀಪಾವಳಿ ಆಗಲಿ ಎಂದೆ, ಸಂಕ್ರಾಂತಿ ಆಗಲಿ ಎಂದೆ. ಹೋಗಲೇ ಇಲ್ಲ. ಆಮೇಲೆ ಮಗ ಬೇಲಿಫ್ ತರಿಸಿದ."

ಇಬ್ಬರೂ ಅದೇ ಬಾಗಿಲಲ್ಲಿ ನಿಂತು, ಅದೇ ಒಂದು ಮಾತು ಆಡಿ ಕೇಳಿ, ಒಬ್ಬರು ಉಳಿದೆವೆಂದೂ ಒಬ್ಬರು ಬಿಟ್ಟು ಹೋಗುತ್ತಾರೆಂದೂ ತಿಳಿದು, ಐದು ತಿಂಗಳು ಒಂದೇ ಮಾಡಿನ ಕೆಳಗೆ ಖುಷಿಯಾಗಿದ್ದರು! ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಮುದುಕನಿಗೆ ಒಂದು "ಇಲ್ಲ" ಎಂದಿದ್ದರೆ ಸಾಕಿತ್ತು, ಮರುದಿನ ಕೀಲಿ ಅವರ ಕೈಯಲ್ಲಿ. ಅದು ಅವರಿಗೂ ಗೊತ್ತಿತ್ತು.

ಜಡ್ಜ್ ಇಂಗ್ಲಿಷಿನಲ್ಲಿ ಆದೇಶ ಬರೆಸತೊಡಗಿದರು. ಪ್ರಭಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ. ಅದನ್ನು ಗಮನಿಸಿದ ಜಡ್ಜ್ ಬರೆಸುವುದನ್ನು ನಿಲ್ಲಿಸಿ ಹಿಂದಿಯಲ್ಲಿ ಹೇಳಿದರು: "ಆಪ್ಕಾ ಅಪೀಲ್ ಸುನಾ ಜಾಯೇಗಾ. ತಬ್ ತಕ್ ಆಪ್ಕೋ ಕೋಯಿ ಖಾಲಿ ನಹೀಂ ಕರಾಯೇಗಾ." ಅಪೀಲಿನ ವಿಚಾರಣೆ ನಡೆಯುತ್ತದೆ, ಅಲ್ಲಿಯವರೆಗೆ ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ ಎಂದು.

ಹೊರಗೆ ಬಂದ ಮೇಲೆ ಪ್ರಭಕ್ಕ ಕೇಳಿದ್ದು, "ಗೆದ್ದದ್ದಾ?" ಎಂದು.

"ಗೆದ್ದಿಲ್ರಿ ಅಕ್ಕಾರ. ಜಗಳಾಡಾಕ ಪರವಾನಗಿ ಸಿಕ್ಕೇತಿ," ಎಂದರು ಜಟ್ಟೆಪ್ಪ ವಕೀಲರು. ಅಷ್ಟಾದರೂ ಪ್ರಭಕ್ಕ ಅಲ್ಲೇ ನಿಂತು ಯಜ್ಞೇಶ್ವರನಿಗೆ ಫೋನ್ ಮಾಡಿ ಅಕ್ಕಿ ನೆನೆಹಾಕಲು ಹೇಳಿದರು. ಫೋನ್ ಇಟ್ಟ ಮೇಲೆ ಕಟ್ಟೆಯ ಮೇಲೆ ಕೂತು ಚೆನ್ನಾಗಿ ಅತ್ತರು. ಕಾಕಾ ನಮ್ಮನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತು, "ಅಪೀಲಿನಲ್ಲಿ ಬಿಡುವುದಿಲ್ಲ, ಮಗನಿಗೆ ಜಾಗ ಬೇಕು," ಎಂದರು. "ಬಿಡಬೇಡಿ ಕಾಕಾ," ಎಂದು ಪ್ರಭಕ್ಕ ಕಣ್ಣೊರೆಸಿಕೊಂಡರು.

ಅಪೀಲಿನ ಕತೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಉದ್ದ ಹೇಳಿದರೆ ನನ್ನ ಬಾಯಿಂದ ಬೇಡದ ಮಾತು ಬರುತ್ತದೆ. ಏಳು ವರ್ಷ ಹಿಡಿಯಿತು. ಜಡ್ಜ್ ಬದಲಾದರು, ಫೈಲು ಸಿಗಲಿಲ್ಲ, ಮತ್ತೆ ಸಿಕ್ಕಿತು. 2016ರಲ್ಲಿ ಪ್ರಭಕ್ಕ ಗೆದ್ದರು, ಹೋಟೆಲು ಉಳಿಯಿತು. ಆ ಏಳು ವರ್ಷದ ತಡಕ್ಕೆ ಯಾರೂ ಯಾರ ಹತ್ತಿರವೂ ಅಫಿಡವಿಟ್ ಕೇಳಲಿಲ್ಲ.

ಆದರೆ ನಡುವೆ, 2012ರಲ್ಲಿ, ಒಂದು ಬೆಳಿಗ್ಗೆ ಪಾವ್ಶೆ ಕಾಕಾ ತೀರಿಕೊಂಡರು. ಪ್ರಭಕ್ಕ ಹೋಟೆಲು ಮುಚ್ಚಿ ಮೇಲೆ ಹೋದರು. ಮರುದಿನವೇ ನನಗೆ ಜಟ್ಟೆಪ್ಪ ವಕೀಲರ ಫೋನ್. ಎದುರಿನವರು ತೀರಿಕೊಂಡರೆ ಅವರ ವಾರಸುದಾರರ ಹೆಸರು ಕೋರ್ಟಿಗೆ ಕೊಡಬೇಕಂತೆ. ಅದಕ್ಕೂ ವಾಯಿದೆ ಉಂಟಂತೆ. ಮೀರಿದರೆ ಅಪೀಲೇ ಬಿದ್ದುಹೋಗುತ್ತದಂತೆ. "ಮಕ್ಕಳು, ಹೆಣ್ಣಮಕ್ಕಳು ಎಲ್ಲಾ ಈಗ ಒಂದೇ ಕಡಿ ಅದಾರ. ಇವತ್ತ ಹೆಸರು, ವಿಳಾಸ ಬರ್ಕೊಳ್ರಿ. ಆಮ್ಯಾಲೆ ಆ ಮಗಾ ಕೊಡಂಗಿಲ್ಲ, ಸತಾಯಸ್ತಾನ. ಇನ್ನೊಮ್ಮೆ ತಡಾ ಆತಂದ್ರ ನನ್ನ ಕೈಲೆ ಆಗಂಗಿಲ್ಲ," ಎಂದರು.

ಮೇಲಿನ ಮನೆಯ ಬಾಗಿಲಲ್ಲೇ ಪ್ರಭಕ್ಕನನ್ನು ಹಿಡಿದು ಹೇಳಿದೆ, "ಈಗಲೇ ಕೇಳಿ. ನಿಮಗೆ ಆಗದಿದ್ದರೆ ನಾನು ಕೇಳ್ತೇನೆ."

"ಯಾರೂ ಕೇಳುದು ಬೇಡ," ಎಂದರು. "ಕಾರ್ಯ ಎಲ್ಲ ಮುಗಿಯುವವರೆಗೆ ಈ ಮನೆಯಲ್ಲಿ ನನ್ನ ಕೇಸಿನ ಸುದ್ದಿ ಎತ್ತಬಾರದು. ಆಮೇಲೆ ನಾನೇ ಕೇಳ್ತೇನೆ."

"ಆಮೇಲೆ ಅವನು ಕೊಡದಿದ್ದರೆ? ಹೋಟೆಲು ಹೋಗ್ತದೆ ಪ್ರಭಕ್ಕ!"

"ಹೋದರೆ ಹೋಗಲಿ," ಎಂದರು ಪ್ರಭಕ್ಕ. ಒಳಗೆ ಯಾರೋ ಅಳುವುದು ಕೇಳುತ್ತಿತ್ತು. "ಅವತ್ತು ಕೋರ್ಟಿನಲ್ಲಿ ನಾನು ಹೇಳಿದ್ದು ನಿಜ ಅಂತ ಹೇಳಿದವರು ಕಾಕಾ ಒಬ್ಬರೇ. ವಕೀಲರಿಗೆ ನಂಬಿಕೆ ಇರಲಿಲ್ಲ. ಮಗನಿಗೆ ಇರಲಿಲ್ಲ. ನಿಂಗೂ ಇರಲಿಲ್ಲ, ವನಮಾಲಾ."

ಅಷ್ಟು ಹೇಳಿ ಒಳಗೆ ಹೋಗಿ ಕಾಕಾನ ಹೆಂಡತಿಯ ಪಕ್ಕದಲ್ಲಿ ಕೂತರು.